ಮನಸೂರೆಗೊಂಡಿತು ಎಂದು ಬರೆಯುವ ಮೊದಲು

(ಶಿವಮೊಗ್ಗದಲ್ಲಿ ನೃತ್ಯ ಕಲಿಯುವವರು, ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಸುತ್ತಮುತ್ತಲ ತಾಲ್ಲೂಕುಗಳ ವರದಿಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ)

ತೀರ್ಥಹಳ್ಳಿ ಕಡೆಯೋ ಹೊಸನಗರ ಕಡೆಯೋ ರಾತ್ರಿಯಿಡೀ ಯಕ್ಷಗಾನದ ಆಟ ನಡೆದ ಮರುದಿನ ಬೆಳಿಗ್ಗೆ ಪೇಟೆಯ ಯಾವುದಾದರೂ ಹೋಟೆಲಿನಲ್ಲಿ ಹೋಗಿ ಕೂತುಕೊಳ್ಳಿ. ಪಕ್ಕದ ಮೇಜಿನ ಮಾತು ಕಿವಿಗೆ ಬೀಳುತ್ತದೆ. "ಅಭಿಮನ್ಯು ಮಂಡಿಯೂರಿ ತಿರುಗಲು ಶುರು ಮಾಡಿದ್ದು ಚೆನ್ನಾಗಿತ್ತು ಮಾರಾಯ. ಹತ್ತು ಸುತ್ತಾದ ಮೇಲೆ ರಂಗಸ್ಥಳದ ಮೂಲೆಗೇ ಬಂದುಬಿಟ್ಟ. ಭಾಗವತರು ಲಯ ಇಳಿಸಿ ಕಾಪಾಡಿದ್ರು." ಇದರಲ್ಲಿ ಏನೇನಿದೆ ನೋಡಿ. ಏನು ಮಾಡಿದ, ಎಷ್ಟನೆಯದಕ್ಕೆ ಕೆಟ್ಟಿತು, ಕೆಟ್ಟದ್ದು ಹೇಗೆ ಕಂಡಿತು, ಯಾರು ಸರಿಪಡಿಸಿದರು, ಎಲ್ಲವೂ ಇದೆ. ಅದೇ ಆಟದ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಇರುವುದು ಒಂದೇ ಮಾತು: ಕಲಾವಿದರು ಪ್ರೇಕ್ಷಕರ ಮನಸೂರೆಗೊಂಡರು.

ಬ್ಯಾಲೆ ಮತ್ತು ಸಮಕಾಲೀನ ನೃತ್ಯದ ಬಗ್ಗೆ ಪತ್ರಿಕೆಯ ವಿಮರ್ಶಕರು ಹೇಗೆ ಬರೆಯುತ್ತಾರೆ ಎಂಬುದು ಇವತ್ತಿನ ವಿಷಯ. ಪ್ಯಾರಿಸ್, ನ್ಯೂಯಾರ್ಕ್ ಎಲ್ಲ ಬರುತ್ತದೆ. ಆದರೆ ಆ ಹೋಟೆಲಿನ ಮೇಜನ್ನು ಮರೆಯಬೇಡಿ. ಪ್ಯಾರಿಸ್, ನ್ಯೂಯಾರ್ಕಿನ ಒಳ್ಳೆಯ ವಿಮರ್ಶಕರು ಮಾಡುವ ಕೆಲಸವೂ ಅದೇ. ಅದನ್ನು ಅಚ್ಚುಕಟ್ಟಾಗಿ, ಮುನ್ನೂರು ಪದದಲ್ಲಿ ಮಾಡುತ್ತಾರೆ ಅಷ್ಟೇ.

ಮೊದಲು ಪದದ ಗೊಂದಲ ತೀರಿಸಿಬಿಡೋಣ. ಕನ್ನಡದಲ್ಲಿ 'ಬ್ಯಾಲೆ' ಅಂದರೆ ಜನಕ್ಕೆ ನೆನಪಾಗುವುದು ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆ. ಮಾತುಗಾರಿಕೆಯನ್ನು ಬಿಟ್ಟು, ಹಾಡು ಕುಣಿತಗಳಲ್ಲೇ ಪ್ರಸಂಗ ನಡೆಸಿ, ಪಿಟೀಲು, ಸ್ಯಾಕ್ಸೊಫೋನುಗಳನ್ನೂ ಸೇರಿಸಿ ಅವರು ಮಾಡಿದ ಪ್ರಯೋಗ ಅದು. ಅಲ್ಲಿಂದ ಮುಂದೆ ನಮ್ಮ ಪತ್ರಿಕೆಗಳಿಗೆ ಮಾತಿಲ್ಲದೆ ಕತೆ ಹೇಳುವ ಯಾವ ನೃತ್ಯರೂಪಕವೂ ಬ್ಯಾಲೆಯೇ ಆಯಿತು. ತಪ್ಪೇನೂ ಇಲ್ಲ. ಆದರೆ ಯುರೋಪಿನ ಬ್ಯಾಲೆ ಬೇರೆಯದೇ ಪದ್ಧತಿ. ಸೊಂಟದ ಕೀಲಿನಿಂದಲೇ ಕಾಲನ್ನು ಹೊರಗೆ ತಿರುಗಿಸಿ ನಿಲ್ಲುವುದು, ಪಾದದ ಐದು ಸ್ಥಾನಗಳು, ಪ್ರತಿ ಚಲನೆಗೂ ಒಂದು ಫ್ರೆಂಚ್ ಹೆಸರು. ವರದಿ ಬರೆಯುವಾಗ ಯಾವ ಬ್ಯಾಲೆ ಎಂದು ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. 'ಕಂಟೆಂಪರರಿ' ಪದದ ಕತೆಯೂ ಹಾಗೇ. ಟೀವಿ ಸ್ಪರ್ಧೆಗಳಲ್ಲಿ ಸಿನಿಮಾ ಹಾಡಿಗೆ ಹುಡುಗಿಯನ್ನು ಮೇಲೆತ್ತಿ ತಿರುಗಿಸಿ, ಕೊನೆಗೆ ಇಬ್ಬರೂ ಅತ್ತರೆ ಅದು ಕಂಟೆಂಪರರಿ. ರಂಗದ ಮೇಲಿನ ಸಮಕಾಲೀನ ನೃತ್ಯಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ.

ಈಗ ಪ್ಯಾರಿಸ್. ತಿಯೋಫಿಲ್ ಗೋತಿಯೇ 1830ರ ದಶಕದಲ್ಲಿ 'ಲಾ ಪ್ರೆಸ್' ಎಂಬ ದಿನಪತ್ರಿಕೆಗೆ ಬರೆಯುತ್ತಿದ್ದ ಕವಿ. ಆ ಕಾಲದ ಇಬ್ಬರು ದೊಡ್ಡ ನರ್ತಕಿಯರನ್ನು ಅವನು ಎದುರುಬದುರು ಇಟ್ಟು ನೋಡಿದ. ಮರಿ ತಾಲಿಯೋನಿ ಕ್ರೈಸ್ತ ನರ್ತಕಿ, ಫ್ಯಾನಿ ಎಲ್ಸ್ಲರ್ ಕ್ರೈಸ್ತಪೂರ್ವ ದೇವತೆಗಳ ಲೋಕದವಳು ಎಂದ. ಒಬ್ಬಳು ನೆಲ ಬಿಟ್ಟವಳು, ಇನ್ನೊಬ್ಬಳು ನೆಲ ಹಿಡಿದವಳು. ಒಂದೇ ಹೋಲಿಕೆಯಲ್ಲಿ ಇಬ್ಬರನ್ನೂ ಕಣ್ಣಿಗೆ ಕಟ್ಟಿಕೊಡುವ ಈ ಚಮತ್ಕಾರವನ್ನು ಪತ್ರಿಕೆಯ ವಿಮರ್ಶಕರು ಇವತ್ತಿಗೂ ಬಿಟ್ಟಿಲ್ಲ. 1838ರಲ್ಲಿ ಪುದುಚೇರಿ ಕಡೆಯ ದೇವದಾಸಿಯರ ಒಂದು ತಂಡ ಪ್ಯಾರಿಸ್ಸಿಗೆ ಹೋಗಿತ್ತು. ಗೋತಿಯೇ ಅವರ ಬಗ್ಗೆಯೂ ಬರೆದ, ಅಮನಿ ಎಂಬವಳ ಬಗ್ಗೆ ವಿಶೇಷ ಆಸ್ಥೆಯಿಂದ.

ಅವನ ತಂಟೆಯೂ ಇದೆ. 1841ರ ಜೂನ್ 28ರಂದು ಪ್ಯಾರಿಸ್ ಒಪೆರಾದಲ್ಲಿ 'ಜಿಸೆಲ್' ಮೊದಲ ಪ್ರದರ್ಶನ ಕಂಡಿತು. ಅದರ ಕತೆ ಬರೆದವರಲ್ಲಿ ಗೋತಿಯೇ ಒಬ್ಬ. ಪತ್ರಿಕೆಯಲ್ಲಿ ಅದರ ಬಗ್ಗೆ ಬರೆದವನೂ ಅವನೇ! ಜರ್ಮನ್ ಕವಿ ಹೈನೆಗೆ ಬರೆದ ಪತ್ರದ ರೂಪದಲ್ಲಿ ತನ್ನದೇ ಕೃತಿಯ ಬಗ್ಗೆ ಅಂಕಣ ತುಂಬಿಸಿದ. ಇವತ್ತು ಯಾವ ಸಂಪಾದಕರೂ ಇದಕ್ಕೆ ಒಪ್ಪುವುದಿಲ್ಲ ಎಂದು ಹೇಳಬೇಕೆಂದಿದ್ದೆ. ನೀವು ನಗುತ್ತಿರುವುದು ನೋಡಿದರೆ ಬೇಡ ಅನ್ನಿಸುತ್ತದೆ. ಅವನು ನರ್ತಕಿಯರ ಭುಜ, ಕಾಲು, ಮುಖದ ಚೆಲುವಿಗೆ ಕೊಟ್ಟಷ್ಟು ಜಾಗವನ್ನು ಹೆಜ್ಜೆಗೆ ಕೊಡಲಿಲ್ಲ ಎಂಬ ದೂರು ಬೇರೆ. ಆ ರೋಗ ಇನ್ನೂ ಪೂರ್ತಿ ವಾಸಿಯಾಗಿಲ್ಲ, ಮುಂದೆ ಹೇಳುತ್ತೇನೆ.

ಅಮೆರಿಕದಲ್ಲಿ ಬಹಳ ಕಾಲ ನೃತ್ಯದ ಬಗ್ಗೆ ಬರೆದವರು ಸಂಗೀತ ವಿಮರ್ಶಕರು. ವಾದ್ಯಗೋಷ್ಠಿಯ ಬಗ್ಗೆ ಎರಡು ಪ್ಯಾರಾ, ಕುಣಿದವರ ಬಗ್ಗೆ ಒಂದು ಸಾಲು. 1927ರಲ್ಲಿ ನ್ಯೂಯಾರ್ಕ್ ಟೈಮ್ಸ್ ಜಾನ್ ಮಾರ್ಟಿನ್ ಎಂಬವರನ್ನು ನೃತ್ಯಕ್ಕೆಂದೇ ನೇಮಿಸಿಕೊಂಡಿತು. 1962ರ ತನಕ ಅವರು ಅಲ್ಲಿದ್ದರು. ಕುಣಿಯುವವರ ಸ್ನಾಯು ಬಿಗಿದರೆ ನೋಡುವವರ ಸ್ನಾಯುವೂ ಒಳಗೊಳಗೇ ಬಿಗಿಯುತ್ತದೆ, ನೃತ್ಯ ನಮ್ಮನ್ನು ಮುಟ್ಟುವುದೇ ಹಾಗೆ ಎಂಬುದು ಅವರ ವಾದ. ಇದಕ್ಕೆ ಅವರು ಮೆಟಾಕೈನೆಸಿಸ್ ಎಂಬ ದೊಡ್ಡ ಹೆಸರು ಬಳಸಿದರು. ಚೆಂಡೆ ಏರುವಾಗ ಚಾಪೆಯ ಮೇಲೆ ಕೂತವರ ಭುಜ ಕುಣಿಯುತ್ತದಲ್ಲ, ಅದೇ. ಮಾರ್ಟಿನ್ ಆಧುನಿಕ ನೃತ್ಯದ ಮಾರ್ಥಾ ಗ್ರಹಾಂ ಅವರಂಥ ಹೊಸಬರ ಪರ ನಿಂತರು, ರಷ್ಯಾದಿಂದ ಬಂದ ಬ್ಯಾಲೆ ಸಂಯೋಜಕ ಬಾಲಂಚೈನ್ ಬಗ್ಗೆ ಶುರುವಿನಲ್ಲಿ ಮುಖ ಸಿಂಡರಿಸಿದರು, ವರ್ಷಗಳ ಮೇಲೆ ಒಪ್ಪಿಕೊಂಡರು. ಅಭಿಪ್ರಾಯ ಬದಲಾದದ್ದನ್ನು ಅಚ್ಚಿನಲ್ಲೇ ತೋರಿಸುವ ಧೈರ್ಯ ಬೇಕು.

ಈಗ ಒಂದು ಚಲನೆಯನ್ನು ಹತ್ತಿರದಿಂದ ನೋಡೋಣ. 'ಸ್ವಾನ್ ಲೇಕ್' ಬ್ಯಾಲೆಯ ಮೂರನೇ ಅಂಕದಲ್ಲಿ ಕಪ್ಪು ಹಂಸ ಓಡಿಲ್ ರಾಜಕುಮಾರನನ್ನು ಮರುಳು ಮಾಡುವಾಗ 32 ಸಲ ಒಂದೇ ಕಾಲಿನ ಮೇಲೆ ತಿರುಗುತ್ತಾಳೆ. 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಪಿಯೆರಿನಾ ಲೆನ್ಯಾನಿ ಇದನ್ನು ಮಾಡಿದ ಮೇಲೆ 32 ಎಂಬುದು ಕಟ್ಟುಪಾಡಾಯಿತು. ಹೆಸರು ಫುಯೆತೆ, ಫ್ರೆಂಚಿನಲ್ಲಿ ಚಾವಟಿ ಬೀಸಿದ ಹಾಗೆ ಎಂದರ್ಥ. ಎಡಗಾಲಿನ ಬೆರಳ ತುದಿಯ ಮೇಲೆ ನಿಂತವಳು ಬಲಗಾಲನ್ನು ಮುಂದಿನಿಂದ ಪಕ್ಕಕ್ಕೆ ಬೀಸಿ, ಕೂಡಲೇ ಮಡಚಿ ಎಡ ಮೊಣಕಾಲಿನ ಹತ್ತಿರ ತರುತ್ತಾಳೆ. ಆ ಬೀಸಿನ ಬಲಕ್ಕೆ ಮೈ ಒಂದು ಸುತ್ತು ಬರುತ್ತದೆ. ಸುತ್ತು ಮುಗಿದಾಗ ಎಡ ಹಿಮ್ಮಡಿ ನೆಲ ಮುಟ್ಟಿ, ಮೊಣಕಾಲು ಬಾಗಿ, ಮತ್ತೆ ತುದಿಗೆ ಏರಬೇಕು. ಮೈ ತಿರುಗಿದರೂ ಕಣ್ಣು ಎದುರಿನ ಒಂದು ಬಿಂದುವಿನಲ್ಲೇ ನೆಟ್ಟಿರುತ್ತದೆ. ಇನ್ನು ಆಗುವುದಿಲ್ಲ ಎಂದಾಗ ತಲೆ ಸರಕ್ಕನೆ ತಿರುಗಿ ಮತ್ತೆ ಅದೇ ಬಿಂದುವಿಗೆ ಬಂದು ನಿಲ್ಲುತ್ತದೆ. ಹಾಗೆ ಮಾಡದಿದ್ದರೆ ತಲೆ ಸುತ್ತುತ್ತದೆ.

ಎಲ್ಲಿ ತಪ್ಪುತ್ತದೆ? ಸಾಮಾನ್ಯವಾಗಿ ನಿಂತ ಜಾಗ ಬಿಟ್ಟು ಹೋಗುತ್ತಾಳೆ. ಪ್ರತಿ ಸಲ ಹಿಮ್ಮಡಿ ಇಳಿಯುವುದು ಕೂದಲೆಳೆಯಷ್ಟು ಮುಂದೆ ಬಿದ್ದರೂ 32 ಮುಗಿಯುವಾಗ ರಂಗದ ಅಂಚಿಗೆ ಬಂದಿರುತ್ತಾಳೆ. ನಿಮ್ಮ ಅಭಿಮನ್ಯು ಮೂಲೆಗೆ ಬಂದದ್ದೂ ಹೀಗೇ. ದಣಿವಾದಾಗ ಬೀಸುವ ಕಾಲು ಸೊಂಟದ ಮಟ್ಟದಿಂದ ಕೆಳಗೆ ಇಳಿಯುತ್ತದೆ, ಬೀಸಿನ ಬಲ ಕಡಿಮೆಯಾಗಿ ಸುತ್ತು ನಿಧಾನವಾಗುತ್ತದೆ, ವಾದ್ಯವೃಂದ ಮುಂದೆ ಹೋಗಿಬಿಡುತ್ತದೆ. ವಿಮರ್ಶಕ ಇಷ್ಟನ್ನು ಗುರುತಿಸಿದರೆ ಅರ್ಧ ಕೆಲಸ ಆಯಿತು. ಉಳಿದರ್ಧ ಕಷ್ಟದ್ದು. ಈ ತಿರುಗುವಿಕೆ ಕತೆಯಲ್ಲಿ ಯಾಕಿದೆ? ರಾಜಕುಮಾರ ಕಣ್ಣು ಕೀಳಲಾರದಂತೆ ಆಗಬೇಕು, ಅದಕ್ಕೆ. 32 ಪಕ್ಕಾ ಬಂದೂ ರಾಜಕುಮಾರನ ಕಡೆ ಒಮ್ಮೆಯೂ ನೋಡದವಳು ಸರ್ಕಸ್ಸು ಮುಗಿಸಿ ಹೋದಳು ಎಂದೇ ಲೆಕ್ಕ. ರಷ್ಯಾದ ದೊಡ್ಡ ನರ್ತಕಿ ಮಾಯಾ ಪ್ಲಿಸೆತ್ಸ್ಕಾಯಾ ಫುಯೆತೆಯನ್ನೇ ಬಿಟ್ಟು, ರಂಗದ ಸುತ್ತ ತಿರುಗುತ್ತ ವೃತ್ತಾಕಾರವಾಗಿ ಓಡುವ ಬೇರೆ ಸುತ್ತುಗಳನ್ನು ಹಾಕುತ್ತಿದ್ದರು. ಎಣಿಸುವುದನ್ನೇ ವಿಮರ್ಶೆ ಅಂದುಕೊಂಡವನು ಅವರಿಗೆ ಸೊನ್ನೆ ಕೊಡಬೇಕಾಗುತ್ತದೆ.

ಜಿಗಿತಕ್ಕೂ ಇದೇ ಮಾತು. ಬ್ಯಾಲೆಯವರು ಜಿಗಿತಗಳನ್ನು ಎದ್ದ ಕಾಲು, ಇಳಿದ ಕಾಲು ನೋಡಿ ಐದು ಗುಂಪು ಮಾಡುತ್ತಾರೆ: ಎರಡರಿಂದ ಎದ್ದು ಎರಡರ ಮೇಲೆ, ಎರಡರಿಂದ ಒಂದರ ಮೇಲೆ, ಒಂದರಿಂದ ಎರಡರ ಮೇಲೆ, ಒಂದರಿಂದ ಇನ್ನೊಂದರ ಮೇಲೆ, ಒಂದರಿಂದ ಅದೇ ಕಾಲಿನ ಮೇಲೆ. ಫ್ರೆಂಚ್ ಹೆಸರುಗಳನ್ನು ಬರೆದು ಓದುಗರನ್ನು ಹೆದರಿಸಬೇಕಿಲ್ಲ. ನಮ್ಮಲ್ಲಿ ಕ್ರಿಯಾಪದಗಳಿಗೆ ಬರವೇ? ಕುಪ್ಪಳಿಸಿದರೆ ನೆಲದ ಹತ್ತಿರವೇ ಇರುತ್ತೇವೆ. ನೆಗೆದರೆ ದೂರ ಹೋಗುತ್ತೇವೆ. ಎಗರುವುದರಲ್ಲಿ ಸ್ವಲ್ಪ ಜಗಳವಿದೆ. ಚಿಮ್ಮುವುದಕ್ಕೆ ತಯಾರಿ ಕಾಣಿಸುವುದಿಲ್ಲ. ವಾಲು, ತೊನೆ, ಒರಗು, ಕುಸಿ, ಹೊರಳು, ತೆವಳು, ಅದುರು, ಕೊಡವು, ಜಗ್ಗು. ಇಷ್ಟೆಲ್ಲ ಇಟ್ಟುಕೊಂಡು 'ಮನಮೋಹಕವಾಗಿ ನರ್ತಿಸಿದರು' ಎಂದು ಬರೆಯುವುದು, ಕಣಜ ತುಂಬ ಭತ್ತ ಇಟ್ಟುಕೊಂಡು ಸಾಲದ ಅಕ್ಕಿ ತಂದ ಹಾಗೆ.

ಸಮಕಾಲೀನ ನೃತ್ಯಕ್ಕೆ ಬಂದರೆ ಈ ಕ್ರಿಯಾಪದಗಳೇ ಆಸ್ತಿ, ಯಾಕೆಂದರೆ ಅಲ್ಲಿ ಚಲನೆಗೆ ಸಿದ್ಧ ಹೆಸರಿಲ್ಲ. ಪ್ರತಿ ಸಂಯೋಜಕ ತನ್ನ ನುಡಿಗಟ್ಟನ್ನು ತಾನೇ ಕಟ್ಟಿಕೊಳ್ಳುತ್ತಾನೆ. ವಿಮರ್ಶಕರು ಆಗ ಚಲನೆಯನ್ನು ಬಿಡಿಸಿ ನೋಡುವ ಪದ್ಧತಿ ಕಟ್ಟಿದ ರುಡಾಲ್ಫ್ ಲಾಬಾನ್ ತೋರಿಸಿದ ದಾರಿ ಹಿಡಿಯುತ್ತಾರೆ: ಮೈಯ ತೂಕ ಎಲ್ಲಿದೆ, ಜಾಗವನ್ನು ನೇರವಾಗಿ ಸೀಳುತ್ತಿದ್ದಾರೋ ಬಳಸಿ ಹೋಗುತ್ತಿದ್ದಾರೋ, ಚಲನೆ ಥಟ್ಟನೆ ಬಂತೋ ಎಳೆದುಕೊಂಡು ಬಂತೋ, ಹರಿವು ಬಿಗಿಯೋ ಸಡಿಲವೋ. ತೂಕ ಎಂದಾಗ ಒಂದು ಚಿತ್ರ ಕೊಡುತ್ತೇನೆ. ಅಡಿಕೆ ತೋಟದಲ್ಲಿ ಗೊನೆ ಕೊಯ್ಯುವ ಕೊನೆಗಾರ ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದನ್ನು ನೀವೆಲ್ಲ ನೋಡಿದ್ದೀರಿ. ಮರವನ್ನು ತೂಗಿ, ಅದು ವಾಲಿದಾಗ ಪಕ್ಕದ ಮರಕ್ಕೆ ಕೈ ಹಾಕಿ, ಒಂದು ಗಳಿಗೆ ಎರಡು ಮರಕ್ಕೂ ಅರ್ಧರ್ಧ ಸೇರಿದವನಾಗಿ, ಆಮೇಲೆ ಹಳೆಯ ಮರವನ್ನು ಬಿಡುತ್ತಾನೆ. ಡೋರಿಸ್ ಹಂಫ್ರಿ ಎಂಬ ಅಮೆರಿಕದ ನೃತ್ಯ ಸಂಯೋಜಕಿ ತನ್ನ ಇಡೀ ಪದ್ಧತಿಯನ್ನು ನಿಲ್ಲಿಸಿದ್ದು ಈ ನಡುವಿನ ಗಳಿಗೆಯ ಮೇಲೆ. ಬೀಳುವುದು ಮತ್ತು ಸಾವರಿಸಿಕೊಳ್ಳುವುದು. ಅದನ್ನು ನೋಡಿ 'ನರ್ತಕಿ ಸಮತೋಲನ ಕಳೆದುಕೊಂಡರು' ಎಂದು ಬರೆದರೆ ಕೊನೆಗಾರ ಮರದಿಂದ ಬಿದ್ದ ಎಂದು ಸುದ್ದಿ ಮಾಡಿದ ಹಾಗಾಗುತ್ತದೆ.

ಇಂಥದ್ದೇ ಇನ್ನೊಂದು ಎಡವಟ್ಟು ಸಂಗೀತದ್ದು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಕುಣಿತವನ್ನು ಕಟ್ಟುವುದು ಒಂದು ಕಡೆ, ಜಾನ್ ಕೇಜ್ ಸಂಗೀತ ಕಟ್ಟುವುದು ಇನ್ನೊಂದು ಕಡೆ. ಎರಡಕ್ಕೂ ಸಾಮಾನ್ಯವಾಗಿದ್ದದ್ದು ಅವಧಿ ಮಾತ್ರ. ಎಷ್ಟೋ ಸಲ ನರ್ತಕರು ಸಂಗೀತ ಕೇಳುವುದೇ ಮೊದಲ ಪ್ರದರ್ಶನದ ದಿನ. ಅಲ್ಲಿ 'ಹೆಜ್ಜೆ ತಾಳಕ್ಕೆ ಕೂಡಲಿಲ್ಲ' ಎಂಬ ದೂರಿಗೆ ಅರ್ಥವಿಲ್ಲ. ತಾಳವಿಲ್ಲದೆ ಅಷ್ಟು ಜನ ಒಟ್ಟಿಗೆ ಹೇಗೆ ನಿಲ್ಲುತ್ತಾರೆ, ಯಾರ ಉಸಿರನ್ನು ಯಾರು ಗಮನಿಸುತ್ತಾರೆ ಎಂಬುದು ನೋಡಬೇಕಾದ್ದು. ಅದಕ್ಕಿಂತ ತಮಾಷೆಯದು ಗೆಜ್ಜೆ. ಬರಿಗಾಲಲ್ಲಿ, ಸದ್ದೇ ಇಲ್ಲದೆ ನಡೆದ ನೃತ್ಯದ ವರದಿಗೂ 'ಗೆಜ್ಜೆಯ ನಾದ ಅನುರಣಿಸಿತು' ಎಂಬ ತಲೆಬರಹ ಬೀಳುತ್ತದೆ. ಡೆಸ್ಕಿನವರು ನೃತ್ಯ ಎಂಬ ಪದ ಕಂಡ ಕೂಡಲೇ ಗೆಜ್ಜೆ ಕಟ್ಟಿಬಿಡುತ್ತಾರೆ. ವರದಿಯ ಜೊತೆ ಒಂದು ತಲೆಬರಹವನ್ನೂ ನೀವೇ ಕಳಿಸಿದರೆ ಈ ಅಪಾಯ ಸ್ವಲ್ಪ ಕಡಿಮೆ.

ವರ್ಣನೆ ಎಂದರೇನು ಎಂದು ಮಾಡಿಯೇ ತೋರಿಸುತ್ತೇನೆ. ಜರ್ಮನಿಯ ವುಪ್ಪರ್ಟಾಲಿನ ಪೀನಾ ಬೌಷ್ 1975ರಲ್ಲಿ ಸ್ಟ್ರವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಸಂಗೀತಕ್ಕೆ ಒಂದು ನೃತ್ಯ ಕಟ್ಟಿದರು. ವಸಂತ ಬರಲೆಂದು ಊರು ಒಬ್ಬಳು ಹುಡುಗಿಯನ್ನು ಬಲಿ ಕೊಡುತ್ತದೆ. ಅವಳು ಕುಣಿದು ಕುಣಿದೇ ಸಾಯಬೇಕು. ನಮ್ಮ ರೂಢಿಯಲ್ಲಿ ಬರೆದರೆ: "ಬಲಿಪದ್ಧತಿಯ ಕ್ರೌರ್ಯವನ್ನು ಬಿಂಬಿಸುವ ಈ ನೃತ್ಯ ಅದ್ಭುತವಾಗಿ ಮೂಡಿಬಂದು ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿತು." ಈಗ ಹೀಗೆ ಬರೆದು ನೋಡಿ:

"ರಂಗದ ತುಂಬ ಕಪ್ಪು ಮಣ್ಣು ಹರಡಿದೆ. ಹೆಂಗಸರು ತೆಳು ಬಣ್ಣದ ಒಳಲಂಗದಂಥ ಉಡುಪಿನಲ್ಲಿ ಬಂದಾಗ ಬಟ್ಟೆ ಶುಭ್ರವಾಗಿದೆ. ನೆಲದ ಮೇಲೆ ಬಿದ್ದಿರುವ ಒಂದು ಕೆಂಪು ಬಟ್ಟೆ ಕೈಯಿಂದ ಕೈಗೆ ಹೋಗುತ್ತದೆ. ಹಿಡಿದವಳು ಅದನ್ನು ಬೇಗ ಇನ್ನೊಬ್ಬಳಿಗೆ ದಾಟಿಸಲು ನೋಡುತ್ತಾಳೆ. ಕೊನೆಗೆ ಅದು ಒಬ್ಬಳ ಮೈಮೇಲೆ ಬರುತ್ತದೆ. ಅಷ್ಟರಲ್ಲಿ ಎಲ್ಲರ ಮೊಣಕಾಲು, ಬೆನ್ನು, ಕೆನ್ನೆಗೆ ಮಣ್ಣು ಮೆತ್ತಿದೆ. ಕೆಂಪು ಬಟ್ಟೆಯವಳು ಬೀಳುತ್ತಾಳೆ, ಏಳುತ್ತಾಳೆ, ಉಳಿದವರು ನಿಂತು ನೋಡುತ್ತಾರೆ."

ಕ್ರೌರ್ಯ ಎಂಬ ಪದವೇ ಬರಲಿಲ್ಲ. ಅದ್ಭುತವೂ ಇಲ್ಲ. ಮಣ್ಣಿನ ವಿಷಯ ಯಾಕೆ ಮುಖ್ಯ ಎಂದರೆ, ಪೀಟ್ ಎಂಬ ಆ ಒದ್ದೆ ಕೊಳೆಮಣ್ಣಿನಲ್ಲಿ ಓಡುವುದು ನಟ್ಟಿ ಗದ್ದೆಯಲ್ಲಿ ಓಡಿದಂತೆ. ಕಾಲು ಹೂಳುತ್ತದೆ, ಕೀಳಲು ಬಲ ಬೇಕು. ಅವಳ ದಣಿವು ನಟನೆಯಲ್ಲ, ನಿಜವಾದ ದಣಿವು. ಈ ಒಂದು ಕಾರಣವನ್ನು ಹೇಳಿದ ವಿಮರ್ಶಕ ಹತ್ತು ವಿಶೇಷಣ ಬರೆದವನಿಗಿಂತ ಹೆಚ್ಚು ಕೊಟ್ಟ ಹಾಗೆ.

ಇದೇ ಸಂಗೀತದ ಮೊದಲ ನೃತ್ಯರೂಪ ರಷ್ಯಾದ ನರ್ತಕ ನಿಜಿನ್ಸ್ಕಿಯದು, ಪ್ಯಾರಿಸ್, 1913ರ ಮೇ 29. ಆ ರಾತ್ರಿಯ ಗಲಾಟೆ ಚರಿತ್ರೆಗೆ ಸೇರಿದೆ. ಕೂಗಾಟದಲ್ಲಿ ನರ್ತಕರಿಗೆ ಸಂಗೀತವೇ ಕೇಳುತ್ತಿರಲಿಲ್ಲ. ಪತ್ರಿಕೆಯವರು ಗಲಾಟೆಯನ್ನು ಬರೆದರು, ಫ್ರೆಂಚ್ ಹೆಸರಿನ 'ಸಾಕ್ರ್' ಪದವನ್ನು 'ಮಸಾಕ್ರ್' ಮಾಡಿ ವಸಂತದ ಕಗ್ಗೊಲೆ ಎಂದು ಶ್ಲೇಷೆ ಮಾಡಿದರು. ಕೆಲವೇ ಪ್ರದರ್ಶನಗಳ ನಂತರ ನೃತ್ಯ ನಿಂತುಹೋಯಿತು. ವಿಡಿಯೊ ಇಲ್ಲದ ಕಾಲ, ಕುಣಿದವರ ಮೈಯ ನೆನಪು ಅಳಿದರೆ ನೃತ್ಯವೂ ಅಳಿಯಿತು. ಮಿಲಿಸೆಂಟ್ ಹಾಡ್ಸನ್ ಎಂಬ ಅಮೆರಿಕದ ಸಂಶೋಧಕಿ ವರ್ಷಗಟ್ಟಲೆ ಹುಡುಕಿ ಅದನ್ನು ಮತ್ತೆ ಕಟ್ಟಿದರು. 1987ರಲ್ಲಿ ಜಾಫ್ರಿ ಬ್ಯಾಲೆ ಎಂಬ ಅಮೆರಿಕದ ತಂಡ ಅದನ್ನು ಪ್ರದರ್ಶಿಸಿತು. ಆಕೆಗೆ ಸಿಕ್ಕ ಆಧಾರಗಳು: ನಿಜಿನ್ಸ್ಕಿಗೆ ಸಹಾಯಕಿಯಾಗಿದ್ದ ಮರಿ ರ‍್ಯಾಂಬರ್ಟ್ ಸ್ವರಪ್ರತಿಯ ಮೇಲೆ ಬರೆದಿಟ್ಟ ಟಿಪ್ಪಣಿ, ವ್ಯಾಲಂಟೀನ್ ಗ್ರಾಸ್ ಬಿಡಿಸಿದ ರೇಖಾಚಿತ್ರಗಳು, ಮತ್ತು ಆ ಕಾಲದ ವಿಮರ್ಶೆಗಳು. ಪಾದಗಳು ಒಳಮುಖವಾಗಿದ್ದವು, ಮೊಣಕಾಲು ಬಾಗಿತ್ತು, ತಲೆ ಒಂದು ಕಡೆ ವಾಲಿತ್ತು ಎಂಬಂಥ ವಿವರ ಬರೆದವರ ಬರಹವೇ ಉಪಯೋಗಕ್ಕೆ ಬಂದದ್ದು. 'ಅಸಹ್ಯ' ಎಂದವರದೂ 'ಅಮೋಘ' ಎಂದವರದೂ ಅಲ್ಲ.

ಶಿವಮೊಗ್ಗದಂಥ ಊರಿಗೆ ಈ ಮಾತು ಇನ್ನೂ ಹತ್ತಿರ. ನ್ಯೂಯಾರ್ಕಿನಲ್ಲಿ ಒಂದು ಬ್ಯಾಲೆ ಒಂದು ವಾರ ನಡೆಯುತ್ತದೆ, ಒಂದೇ ಪಾತ್ರವನ್ನು ಬೇರೆ ಬೇರೆ ರಾತ್ರಿ ಬೇರೆ ಬೇರೆಯವರು ಮಾಡುತ್ತಾರೆ. ವಿಮರ್ಶಕ ಮೂರು ರಾತ್ರಿ ಹೋಗಿ ಮೂವರನ್ನು ಹೋಲಿಸುತ್ತಾನೆ, ಓದುಗ ಟಿಕೆಟ್ ಕೊಳ್ಳುವುದೋ ಬೇಡವೋ ಎಂದು ನಿರ್ಧರಿಸುತ್ತಾನೆ. ಲಂಡನ್ನಿನ ಪತ್ರಿಕೆಗಳು ಐದಕ್ಕೆ ಇಷ್ಟು ಎಂದು ನಕ್ಷತ್ರ ಹಾಕುವುದೂ ಅದಕ್ಕೇ. ನಮ್ಮಲ್ಲಿ ಕುವೆಂಪು ರಂಗಮಂದಿರಕ್ಕೆ ಬೆಂಗಳೂರಿನ ತಂಡ ಬಂದರೆ ಒಂದು ಸಂಜೆ ಕುಣಿದು ಹೋಗುತ್ತದೆ. ಪತ್ರಿಕೆಯಲ್ಲಿ ಓದುವ ಹೊತ್ತಿಗೆ ಲಾರಿ ತುಮಕೂರು ದಾಟಿರುತ್ತದೆ. ಟಿಕೆಟ್ಟಿನ ಪ್ರಶ್ನೆಯೇ ಇಲ್ಲ. ಹಾಗಾಗಿ ನಕ್ಷತ್ರ ಬಿಡಿ, ನೋಡದೆ ಇದ್ದವರಿಗೆ ಕಾಣುವ ಹಾಗೆ ಬರೆಯಿರಿ.

ಕೈಕೆಲಸದ ವಿಷಯಕ್ಕೆ ಬರುತ್ತೇನೆ. ಕೂರುವ ಜಾಗ. ಮೊದಲ ಸಾಲು ಅತಿಥಿಗಳಿಗೆ ಇರಲಿ, ನಿಮಗೆ ಅದು ಬೇಡ. ಅಲ್ಲಿಂದ ಬೆವರು ಕಾಣುತ್ತದೆ, ವಿನ್ಯಾಸ ಕಾಣುವುದಿಲ್ಲ. 'ಜಿಸೆಲ್' ಎರಡನೇ ಅಂಕದಲ್ಲಿ ಬಿಳಿಯುಡುಪಿನ ಪ್ರೇತಕನ್ಯೆಯರ ಸಾಲುಗಳು ಒಂದು ಕಾಲನ್ನು ಹಿಂದೆ ಚಾಚಿ ಕುಪ್ಪಳಿಸುತ್ತ ಒಂದರೊಳಗೊಂದು ಹಾದುಹೋಗುತ್ತವೆ. ಬಾಲ್ಕನಿಯಿಂದ ನೋಡಿದರೆ ನೆಯ್ಗೆಯಂತೆ ಕಾಣುವ ಅದು ಮುಂದಿನ ಸಾಲಿನಿಂದ ಬರೀ ನೂಕುನುಗ್ಗಲು. ಹತ್ತನೇ ಸಾಲಿನ ಆಸುಪಾಸು, ನಡುಭಾಗ ಒಳ್ಳೆಯದು. ಬಾಲ್ಕನಿ ಇದ್ದರೆ ಅರ್ಧ ಪ್ರದರ್ಶನ ಅಲ್ಲಿಂದ ನೋಡಿ.

ಕತ್ತಲಲ್ಲಿ ಬರೆಯುವುದು ಒಂದು ವಿದ್ಯೆ. ಮೊಬೈಲ್ ಬೆಳಕು ಮಾಡಬೇಡಿ, ಹಿಂದಿನವರು ಶಪಿಸುತ್ತಾರೆ. ಸಣ್ಣ ಪುಸ್ತಕ, ಪುಟಕ್ಕೆ ಎರಡೇ ಸಾಲು, ದೊಡ್ಡ ಅಕ್ಷರ. ಬರೆದಾದ ಮೇಲೆ ಪುಟ ಮಡಚಿ. ಇಲ್ಲದಿದ್ದರೆ ಬರೆದದ್ದರ ಮೇಲೇ ಬರೆದು ಮನೆಗೆ ಬಂದು ನೋಡಿದರೆ ಕಾಗೆ ಕಾಲು. ಕಣ್ಣು ರಂಗದಿಂದ ಕೀಳಬೇಡಿ. ವಾಕ್ಯ ಬೇಡ, ಕ್ರಿಯಾಪದ ಸಾಕು: 'ಎಡ ಮೂಲೆ, ಮೂವರು, ಒಬ್ಬಳು ಕುಸಿದಳು, ಇಬ್ಬರು ನೋಡಲಿಲ್ಲ'. ಎಷ್ಟು ಜನ, ಎಷ್ಟು ನಿಮಿಷ ಎಂಬ ಎರಡು ಅಂಕಿ ಕಡ್ಡಾಯ.

ಪ್ರದರ್ಶನಕ್ಕೆ ಮುಂಚೆ ರಂಗದ ನೆಲ ಹೇಗಿದೆ ವಿಚಾರಿಸಿ. ಬ್ಯಾಲೆಗೆ ಅಡಿಯಲ್ಲಿ ಪುಟಿತವಿರುವ ಮರದ ನೆಲ, ಅದರ ಮೇಲೆ ಮಾರ್ಲಿ ಎಂದು ಕರೆಯುವ ವಿನೈಲ್ ಹಾಸು ಬೇಕು. ಸಿಮೆಂಟಿನ ಮೇಲೆ ಕಾರ್ಪೆಟ್ ಹಾಸಿ ಕುಣಿಸಿದರೆ ಜಿಗಿತ ಕುಗ್ಗುತ್ತದೆ, ಇಳಿಯುವಾಗ ಮೊಣಕಾಲಿಗೆ ಪೆಟ್ಟು, ತಿರುಗುವಾಗ ಪಾದ ಸಿಕ್ಕಿಹಾಕಿಕೊಳ್ಳುತ್ತದೆ. ಅನುಭವಿ ನರ್ತಕರು ಅಂಥ ಕಡೆ ಜಿಗಿತವನ್ನು ತಾವೇ ಚಿಕ್ಕದು ಮಾಡಿಕೊಳ್ಳುತ್ತಾರೆ. ಇದು ಗೊತ್ತಿಲ್ಲದೆ 'ಎತ್ತರ ಸಾಲದು' ಎಂದು ಬರೆದರೆ ಸಂಘಟಕರ ತಪ್ಪಿಗೆ ನರ್ತಕಿಗೆ ಶಿಕ್ಷೆ. ಹಾಗೇ ತುದಿಗಾಲಿನ ಪೋಯಿಂಟ್ ಶೂ ಮರದ್ದು ಎಂದು ಬರೆಯಬೇಡಿ. ತುದಿಯ ಗಟ್ಟಿ ಭಾಗ ಬಟ್ಟೆ, ಕಾಗದ, ಅಂಟಿನ ಪದರಗಳು. ಬೆವರಿಗೆ ಅಂಟು ಮೆತ್ತಗಾಗುತ್ತದೆ. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನಕ್ಕೆ ಒಂದು ಜೊತೆ ಮುಗಿದೇ ಹೋಗಬಹುದು.

ಕರಪತ್ರ ಎಂಬ ಬಲೆ. ಸಮಕಾಲೀನ ತಂಡಗಳ ಕರಪತ್ರದಲ್ಲಿ 'ದೇಹ ಮತ್ತು ನೆನಪಿನ ನಡುವಿನ ಸಂವಾದದ ಶೋಧ' ಎಂಬ ಥರದ ಸಾಲು ಇರುತ್ತದೆ. ಗಡಿಬಿಡಿಯಲ್ಲಿ ಅದನ್ನೇ ಇಳಿಸಿಬಿಟ್ಟರೆ ಅದು ತಂಡದ ಆಸೆಯ ವರದಿ, ರಂಗದ ಮೇಲೆ ಆದದ್ದರ ವರದಿ ಆಗುವುದಿಲ್ಲ. ಹೆಸರು, ಅವಧಿ, ಬೆಳಕು ಯಾರದು, ಸಂಗೀತ ಯಾರದು ಎಂಬುದಕ್ಕೆ ಕರಪತ್ರ ನಂಬಿ. ಅರ್ಥಕ್ಕೆ ನಿಮ್ಮ ಕಣ್ಣನ್ನು ನಂಬಿ.

ಇನ್ನು ಮುನ್ನೂರು ಪದ. ಕಣ್ಣಿಗೆ ಕಂಡ ಒಂದು ಚಿತ್ರದಿಂದ ಶುರು ಮಾಡಿ. ಎರಡನೇ ಪ್ಯಾರಾದಲ್ಲಿ ಏನು, ಯಾರು, ಎಲ್ಲಿ, ಎಷ್ಟು ಹೊತ್ತು. ಆಮೇಲೆ ಇಡೀ ಸಂಜೆಯಲ್ಲಿ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡು ನೂರು ಪದ ಅದಕ್ಕೇ ಕೊಡಿ. ಎಲ್ಲವನ್ನೂ ಮುಟ್ಟಿಕೊಂಡು ಹೋದರೆ ಯಾವುದೂ ಉಳಿಯುವುದಿಲ್ಲ. ನಿಮ್ಮ ತೀರ್ಪು ಆ ಗಳಿಗೆಯ ಬೆನ್ನಿಗೇ ಬರಲಿ, ಕಾರಣದ ಜೊತೆ. ತೀರ್ಪನ್ನು ಕೊನೆಯ ಸಾಲಿಗೆ ಇಟ್ಟರೆ ಜಾಹೀರಾತು ಬಂದ ದಿನ ಉಪಸಂಪಾದಕರು ಬಾಲ ಕತ್ತರಿಸುತ್ತಾರೆ, ನಿಮ್ಮ ವಿಮರ್ಶೆ ಬರೀ ವರ್ಣನೆಯಾಗಿ ಅಚ್ಚಾಗುತ್ತದೆ.

ಕಟುವಾಗಿ ಬರೆಯಬಹುದೇ? ಬರೆಯಬಹುದು. ನಮ್ಮಲ್ಲೇ ದೆಹಲಿಯ ಸಂಗೀತ, ನೃತ್ಯ ವಿಮರ್ಶಕ ಸುಬ್ಬುಡು ಹರಿತಕ್ಕೆ ಹೆಸರಾಗಿದ್ದರು. ಆದರೆ ಹರಿತ ಎಲ್ಲಿಗೆ ತಾಗಬೇಕು? 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿಮರ್ಶಕರು 'ನಟ್‌ಕ್ರ್ಯಾಕರ್' ಬ್ಯಾಲೆಯಲ್ಲಿ ಶುಗರ್‌ಪ್ಲಮ್ ಎಂಬ ಸಕ್ಕರೆ ಮಿಠಾಯಿಯ ಯಕ್ಷಿಯ ಪಾತ್ರ ಮಾಡಿದವರು ಅದೇ ಮಿಠಾಯಿಯನ್ನು ಒಂದು ಹೆಚ್ಚೇ ತಿಂದಂತೆ ಕಂಡರು ಎಂದು ಬರೆದರು. ಆ ನರ್ತಕಿ ಊಟಕ್ಕೆ ಸಂಬಂಧಿಸಿದ ಮಾನಸಿಕ ಕಾಯಿಲೆಯಿಂದ ನರಳಿ ಹೊರಬಂದವರು. ದೊಡ್ಡ ಗದ್ದಲವಾಯಿತು. ಗೋತಿಯೇಯ ರೋಗ ಎಂದೆನಲ್ಲ, ಇದೇ ಅದು. ಮೈಯಿಂದ ಏನು ಮಾಡಿದರು ಎಂಬುದು ವಿಮರ್ಶಕನ ವ್ಯಾಪ್ತಿ. ಮೈ ಎಷ್ಟು ದಪ್ಪ ಎಂಬುದು ತಕ್ಕಡಿಯ ವ್ಯಾಪ್ತಿ. ನೋಡದೆ ಬರೆಯುವುದು ಇನ್ನೊಂದು ಅತಿರೇಕ. 1994ರ ಕೊನೆಯಲ್ಲಿ ಆರ್ಲೀನ್ ಕ್ರೋಸ್ ಎಂಬ ಬಹು ದೊಡ್ಡ ವಿಮರ್ಶಕಿ, ಬಿಲ್ ಟಿ. ಜೋನ್ಸ್ ಅವರು ಮಾರಕ ಕಾಯಿಲೆಯವರ ಅನುಭವ ಆಧರಿಸಿ ಮಾಡಿದ ನೃತ್ಯವನ್ನು ತಾನು ನೋಡಿಲ್ಲ, ನೋಡುವುದೂ ಇಲ್ಲ ಎಂದು ಹೇಳಿಯೇ 'ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಲೇಖನ ಬರೆದರು. ವಾದದಲ್ಲಿ ಹುರುಳಿರಬಹುದು. ಆದರೆ ಅಲ್ಲಿಗೆ ಹೋಗದವರ ಕೈಯಲ್ಲಿ ಒಂದು ಕ್ರಿಯಾಪದವೂ ಇರುವುದಿಲ್ಲ. 1957ರಲ್ಲಿ ಲೂಯಿ ಹೋರ್ಸ್ಟ್ ಎಂಬ ವಿಮರ್ಶಕರು ಇದಕ್ಕೆ ಉಲ್ಟಾ ಮಾಡಿದರು. ಪಾಲ್ ಟೇಲರ್ ಎಂಬ ತರುಣ ಹೆಚ್ಚುಕಡಿಮೆ ಅಲ್ಲಾಡದೇ ನಿಂತಿದ್ದ ಕಾರ್ಯಕ್ರಮವನ್ನು ನೋಡಿ, ತನ್ನ ನಿಯತಕಾಲಿಕದಲ್ಲಿ ವಿಮರ್ಶೆಯ ಜಾಗವನ್ನು ಖಾಲಿ ಬಿಟ್ಟು ಕೆಳಗೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಹಾಕಿದರು. ಜಾಣತನವೇ. ಖಾಲಿ ಜಾಗದಿಂದ ಪ್ರಸಿದ್ಧನಾದವನು ಟೇಲರ್!

ವಿಮರ್ಶಕರ ಕಷ್ಟವನ್ನೂ ಹೇಳಬೇಕು. 2023ರ ಫೆಬ್ರುವರಿಯಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ಬ್ಯಾಲೆ ನಿರ್ದೇಶಕನೊಬ್ಬ ವಿಮರ್ಶೆಯಿಂದ ಸಿಟ್ಟಾಗಿ ಫ್ರಾಂಕ್‌ಫರ್ಟಿನ ಪತ್ರಿಕೆಯ ವಿಮರ್ಶಕಿಯ ಮುಖಕ್ಕೆ ನಾಯಿ ಹೇಲು ಬಳಿದ. ಕೆಲಸ ಕಳೆದುಕೊಂಡ. ಸಣ್ಣ ಊರಿನಲ್ಲಿ ಅಷ್ಟಾಗುವುದಿಲ್ಲ, ಆದರೆ ಮರುದಿನ ತರಕಾರಿ ಅಂಗಡಿಯಲ್ಲಿ ನೃತ್ಯ ಶಾಲೆಯ ಗುರುಗಳು ಎದುರಾಗುತ್ತಾರೆ. 'ಮೂರನೇ ಭಾಗದಲ್ಲಿ ಎಂಟು ಜನರೂ ಒಂದೇ ಕಡೆ ಸೇರಿದ್ದರಿಂದ ಹಿಂದಿನವರು ಕಾಣಲಿಲ್ಲ' ಎಂದು ಬರೆದಿದ್ದರೆ ಅವರ ಜೊತೆ ನಿಂತು ಮಾತಾಡಬಹುದು. 'ನಿರಾಸೆಗೊಳಿಸಿತು' ಎಂದಷ್ಟೇ ಬರೆದಿದ್ದರೆ ತರಕಾರಿ ಬೇರೆ ಅಂಗಡಿಯಲ್ಲಿ ಕೊಳ್ಳಬೇಕು.

ಎರಡು ಪ್ರಶ್ನೆ ಬಂದಿವೆ. ಎಲ್ಲರ ಮೊಬೈಲಿನಲ್ಲಿ ವಿಡಿಯೊ ಇರುವಾಗ ಇಷ್ಟು ವರ್ಣನೆ ಯಾಕೆ ಎಂದು ಒಬ್ಬರು. ಮೊಬೈಲ್ ಮುಂದಿನವರ ತಲೆಯನ್ನೂ ಸೇರಿಸಿ ಚಪ್ಪಟೆಯಾಗಿ ಹಿಡಿಯುತ್ತದೆ. ತೂಕ ಅದರಲ್ಲಿ ಸಿಗುವುದಿಲ್ಲ. ನರ್ತಕಿ ಇಳಿದಾಗ ಸದ್ದಾಯಿತೋ ಇಲ್ಲವೋ ಎಂಬುದೂ ಸಿಗುವುದಿಲ್ಲ, ಸಂಗೀತ ಅದನ್ನು ಮುಚ್ಚಿಬಿಡುತ್ತದೆ. ಸಭಾಂಗಣದಲ್ಲಿ ಕೂತವರಿಗೆ ಮಾತ್ರ ಅದು ಗೊತ್ತು.

ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಮಾಡುವ ಬ್ಯಾಲೆಯನ್ನು ವಿಮರ್ಶಿಸಬೇಕೇ ಎಂದು ಇನ್ನೊಬ್ಬರು. ಬೇಡ. ಅಲ್ಲಿ ತೀರ್ಪು ಬೇಡ, ವರದಿ ಸಾಕು. ಯಾವ ಕತೆ, ಎಷ್ಟು ಹೊತ್ತು, ಕಲಿಸಿದವರು ಯಾರು, ಯಾವ ಮಗು ಏನಾಗಿತ್ತು. ಮಕ್ಕಳ ಹೆಸರು, ಇನಿಷಿಯಲ್ ಎರಡೆರಡು ಸಲ ನೋಡಿಕೊಳ್ಳಿ. ಹದಿನಾಲ್ಕು ಮಕ್ಕಳು ಕುಣಿದಿದ್ದರೆ ಹದಿನಾಲ್ಕೂ ಹೆಸರು ಬರಲಿ. ಜಾಗ ಸಾಲದಿದ್ದರೆ ವೇದಿಕೆ ಮೇಲಿದ್ದ ಗಣ್ಯರ ಪಟ್ಟಿಯಲ್ಲಿ ಕತ್ತರಿಸಲು ಬೇಕಾದಷ್ಟಿರುತ್ತದೆ.